ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಮತ್ತು ದ್ವೀಪಗಳ ನಿಸರ್ಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಬೇಸಿಗೆ ರಜೆಗೆ ಸ್ಕೈ ದ್ವೀಪಕ್ಕೋ ಗ್ಲೆನ್ ಕೋ ಕಣಿವೆಗೋ ಹೋಗಿಬರುತ್ತಾರೆ. ಊರಿನಲ್ಲಿರುವವರು ಅವರು ಕಳಿಸಿದ ಚಿತ್ರಗಳನ್ನು ನೋಡಿ, ಮನುಷ್ಯನ ಕೈ ಸೋಕದ ನೆಲವೆಂದರೆ ಇದೇ ಇರಬೇಕು ಎಂದುಕೊಳ್ಳುತ್ತಾರೆ. ನೋಟ ಮನಸೆಳೆಯುವುದು ನಿಜ, ಆದರೆ ಆ ಅನಿಸಿಕೆ ಸರಿಯಲ್ಲ. ಅಲ್ಲಿನ ಬೋಳು ಬೆಟ್ಟಗಳಿಗೆ ಒಂದು ಇತಿಹಾಸವಿದೆ. ಅದನ್ನು ತಿಳಿಯದೆ ಅಲ್ಲಿನ ಹಕ್ಕಿ, ಗಿಡ, ಮೃಗಗಳ ಇಂದಿನ ಸ್ಥಿತಿ ಅರ್ಥವಾಗುವುದಿಲ್ಲ.

ಹೈಲ್ಯಾಂಡ್ಸ್ ಮತ್ತು ದ್ವೀಪಗಳು ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ಪಶ್ಚಿಮದ ಆರನ್ ದ್ವೀಪದಿಂದ ಪೂರ್ವ ಕರಾವಳಿಯ ಸ್ಟೋನ್‌ಹೇವನ್ ಪಟ್ಟಣದವರೆಗೆ ಸ್ಕಾಟ್ಲೆಂಡನ್ನು ಓರೆಯಾಗಿ ಸೀಳಿರುವ ಒಂದು ಭೂಸ್ತರ ಭಂಗವಿದೆ. ಅದರ ಉತ್ತರ ಮತ್ತು ಪಶ್ಚಿಮಕ್ಕಿರುವ ಬೆಟ್ಟಸೀಮೆಯೇ ಹೈಲ್ಯಾಂಡ್ಸ್. ಇದೇ ಸೀಮೆಯನ್ನು ಫೋರ್ಟ್ ವಿಲಿಯಂನಿಂದ ಇನ್ವರ್ನೆಸ್‌ವರೆಗೆ ಮತ್ತೊಂದು ಭಂಗ ಎರಡಾಗಿ ಕತ್ತರಿಸಿದೆ. ಗ್ರೇಟ್ ಗ್ಲೆನ್ ಎಂದು ಕರೆಯುವ ಆ ಸೀಳಿನಲ್ಲಿಯೇ ಲಾಕ್ ನೆಸ್ ಸರೋವರವಿದೆ. ಕಡಲಿನ ಕಡೆಗೆ ಸ್ಕೈ, ಮಲ್, ರಮ್, ಜುರಾ, ಐಲಾ ಮೊದಲಾದ ಒಳ ಹೆಬ್ರಿಡೀಸ್, ಅವುಗಳಾಚೆ ಲೂಯಿಸ್, ಹ್ಯಾರಿಸ್, ಯೂಯಿಸ್ಟ್, ಬಾರಾ ಸೇರಿದ ಹೊರ ಹೆಬ್ರಿಡೀಸ್, ಇನ್ನೂ ದೂರದಲ್ಲಿ ಒಂಟಿಯಾಗಿ ಸೇಂಟ್ ಕಿಲ್ಡಾ, ಉತ್ತರಕ್ಕೆ ಆರ್ಕ್ನಿ ಮತ್ತು ಶೆಟ್ಲೆಂಡ್ ಇವೆ.

ಬ್ರಿಟನ್ನಿನ ಅತಿ ಎತ್ತರದ ಶಿಖರ ಬೆನ್ ನೆವಿಸ್ 1345 ಮೀಟರ್ ಎತ್ತರದ್ದು, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 600 ಮೀಟರ್ ಕಡಿಮೆ. ಆದರೆ 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆ ಎತ್ತರಕ್ಕೆ ಬೇರೆಯೇ ಬೆಲೆ. ಕೇರ್ನ್‌ಗಾರ್ಮ್ಸ್ ಪ್ರಸ್ಥಭೂಮಿಯ ಮೇಲೆ ನಿಂತವರ ಸುತ್ತಲಿನ ಗಿಡ ಮತ್ತು ಹಕ್ಕಿಗಳು ಆರ್ಕ್ಟಿಕ್ ಪ್ರದೇಶದವುಗಳ ನೆಂಟರು. ಚಳಿಗಾಲದಲ್ಲಿ ಬೆಳ್ಳಗಾಗುವ ಟಾರ್ಮಿಗನ್ ಹಕ್ಕಿಯೂ ಬೆಟ್ಟದ ಮೊಲವೂ ಅಲ್ಲಿನ ಕಾಯಂ ವಾಸಿಗಳು.

ಇಲ್ಲಿನ ಕಲ್ಲು ಎಷ್ಟು ಹಳೆಯದು?

ಹೊರ ಹೆಬ್ರಿಡೀಸ್ ಮತ್ತು ವಾಯವ್ಯ ಕರಾವಳಿಯ ತಳದಲ್ಲಿರುವ ಲೂಯಿಸಿಯನ್ ನೈಸ್ ಶಿಲೆಯ ಅತಿ ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಹತ್ತಿ ಕುಳಿತವರು ಹೆಚ್ಚುಕಡಿಮೆ ಅಷ್ಟೇ ಪ್ರಾಚೀನವಾದ ನೈಸ್ ಶಿಲೆಯ ಮೇಲೆ ಕುಳಿತಿದ್ದಾರೆ. ಭೂಮಿಯ ಆಳದಲ್ಲಿ ಬೆಂದು, ಮಡಚಿ, ಬೂದು ಮತ್ತು ನಸುಗೆಂಪು ಪಟ್ಟೆಗಳಾಗಿ ಹೆಪ್ಪುಗಟ್ಟಿದ ಆ ಮೈಯನ್ನು ಎರಡೂ ಕಡೆ ಹತ್ತಿರದಿಂದ ನೋಡಬಹುದು. ಲೂಯಿಸ್ ದ್ವೀಪದ ಕಲಾನಿಶ್‌ನಲ್ಲಿ ಸುಮಾರು 5000 ವರ್ಷಗಳ ಹಿಂದೆ ಜನ ನಿಲ್ಲಿಸಿದ ಶಿಲಾವೃತ್ತವೂ ಇದೇ ಕಲ್ಲಿನದು. ನೈಸ್ ಶಿಲೆಯ ಮೇಲೆ ಸುಮಾರು 100 ಕೋಟಿ ವರ್ಷಗಳಷ್ಟು ಹಳೆಯ ಕೆಂಪು ಮರಳುಗಲ್ಲು ಕೂತಿದೆ. ಸುಯಿಲ್ವೆನ್‌ನಂಥ ಒಂಟಿ ಬೆಟ್ಟಗಳು ಆ ಮರಳುಗಲ್ಲಿನ ಹಾಸು ಸವೆದು ಉಳಿದ ತುಂಡುಗಳು.

ಭೂವಿಜ್ಞಾನದ ಇತಿಹಾಸದಲ್ಲಿ ಈ ಸೀಮೆಗೆ ವಿಶೇಷ ಸ್ಥಾನ ತಂದುಕೊಟ್ಟದ್ದು ಅಲಾಪೂಲ್ ಪಟ್ಟಣದ ಉತ್ತರಕ್ಕಿರುವ ನಾಕನ್ ಕ್ರಾಗ್ ಎಂಬ ಕಡಿದಾದ ದಿಬ್ಬ. ಅಲ್ಲಿ ಕೆಳಗೆ ಸುಮಾರು 50 ಕೋಟಿ ವರ್ಷ ವಯಸ್ಸಿನ ಸುಣ್ಣಕಲ್ಲು, ಅದರ ಮೇಲೆ ಅದಕ್ಕಿಂತ ಬಹಳ ಹಳೆಯದಾದ ಕಪ್ಪುಛಾಯೆಯ ಮೊಯಿನ್ ಶಿಲೆ. ಎರಡೂ ಸೇರುವ ಗೆರೆ ಕೈಯಿಟ್ಟು ಮುಟ್ಟುವಷ್ಟು ಸ್ಪಷ್ಟವಾಗಿದೆ. ಹಳೆಯದು ಕೆಳಗೆ, ಹೊಸದು ಮೇಲೆ ಎಂಬ ನಿಯಮ ಇಲ್ಲಿ ತಲೆಕೆಳಗಾದುದೇಕೆ ಎಂಬ ಬಗ್ಗೆ 19ನೇ ಶತಮಾನದಲ್ಲಿ ದಶಕಗಟ್ಟಲೆ ಜಗಳ ನಡೆಯಿತು. ಬೆನ್ ಪೀಚ್ ಮತ್ತು ಜಾನ್ ಹಾರ್ನ್ ಎಂಬ ಸರ್ವೇಕ್ಷಣಾ ವಿಜ್ಞಾನಿಗಳು ಬೆಟ್ಟ ಬೆಟ್ಟ ಅಲೆದು ನಕ್ಷೆ ಬರೆದು, 1907ರಲ್ಲಿ ಪ್ರಕಟವಾದ ತಮ್ಮ ದೊಡ್ಡ ವರದಿಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ಸುಮಾರು 43 ಕೋಟಿ ವರ್ಷಗಳ ಹಿಂದೆ ಪ್ರಾಚೀನ ಸಾಗರವೊಂದು ಮುಚ್ಚಿಕೊಂಡು ಖಂಡಗಳು ಡಿಕ್ಕಿ ಹೊಡೆದಾಗ, ಹಳೆಯ ಶಿಲೆಯ ಇಡೀ ಹಾಸು ಹತ್ತಾರು ಕಿಲೋಮೀಟರ್ ಜಾರಿ ಹೊಸ ಶಿಲೆಯ ಮೇಲೇರಿತ್ತು. ಜಗತ್ತಿನ ಪರ್ವತಗಳು ಹುಟ್ಟುವ ಬಗೆಯನ್ನು ಅರಿಯಲು ಈ ಒಂದು ಗೆರೆ ಮಾಡಿದ ಉಪಕಾರ ದೊಡ್ಡದು.

ಇಲ್ಲಿ ಜ್ವಾಲಾಮುಖಿಗಳಿದ್ದವೇ?

ಇದ್ದವು. ಸುಮಾರು 6 ಕೋಟಿ ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಸಾಗರ ತೆರೆಯತೊಡಗಿದಾಗ ಸ್ಕೈ, ರಮ್, ಮಲ್ ದ್ವೀಪಗಳಲ್ಲಿ ಲಾವಾ ಉಕ್ಕಿತು. ಸ್ಕೈ ದ್ವೀಪದ ಕೂಲಿನ್ ಶಿಖರಗಳು ಆ ಕಾಲದ ಶಿಲಾಪಾಕದ ಕೊಠಡಿಯೊಂದು ಆರಿ ಗಟ್ಟಿಯಾಗಿ, ಮೇಲಿನ ಹೊದಿಕೆ ಸವೆದ ಮೇಲೆ ಹೊರಬಿದ್ದ ಗ್ಯಾಬ್ರೋ ಶಿಲೆ. ಅದರ ಕಾಂತಗುಣದಿಂದ ದಿಕ್ಸೂಚಿಯ ಮುಳ್ಳು ಅಲ್ಲಲ್ಲಿ ದಾರಿ ತಪ್ಪುತ್ತದೆಂಬುದನ್ನು ಚಾರಣಿಗರು ನೆನಪಿಡಬೇಕು.

ಮಲ್ ಬಳಿಯ ಸ್ಟ್ಯಾಫಾ ದ್ವೀಪದ ಫಿಂಗಲ್ ಗವಿಯಲ್ಲಿ ಬಸಾಲ್ಟ್ ಲಾವಾ ನಿಧಾನವಾಗಿ ತಣ್ಣಗಾಗಿ ಕುಗ್ಗಿ, ಬಹುಪಾಲು ಆರು ಮುಖಗಳ ಕಂಬಗಳಾಗಿ ಬಿರಿದಿದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಈ ದೃಶ್ಯ ಪರಿಚಿತ. ಎರಡರ ಲಾವಾ ಬೇರೆ, ಕಾಲ ಬೇರೆ. ನಮ್ಮದು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು, ಸ್ಟ್ಯಾಫಾದ್ದು ಗ್ರೀನ್‌ಲೆಂಡ್ ಯೂರೋಪಿನಿಂದ ದೂರ ಸರಿಯತೊಡಗಿದ ಕಾಲದ್ದು. ಆದರೂ ಎರಡೂ ಭೂಖಂಡಗಳು ಅಗಲಿದ ಗಾಯದ ಗುರುತುಗಳೇ.

ಕಣಿವೆಗಳಿಗೆ ಈ ರೂಪ ಕೊಟ್ಟದ್ದು ಯಾವುದು?

ಹಿಮ. ಕೊನೆಯ ಹಿಮಯುಗದ ತೀವ್ರ ಘಟ್ಟದಲ್ಲಿ ಈ ಇಡೀ ಸೀಮೆ ಮಂಜುಗಡ್ಡೆಯ ಹೊದಿಕೆಯಡಿ ಹುದುಗಿತ್ತು, ಕಟ್ಟಕಡೆಯ ಹಿಮನದಿಗಳು ಕರಗಿದ್ದು ಸುಮಾರು 11,700 ವರ್ಷಗಳ ಹಿಂದೆ. ಅಗಲ ತಳದ ಕಣಿವೆಗಳು, ಬೆಟ್ಟದ ಬದಿಯ ಬಟ್ಟಲುಗಳು, ಕಡಲು ಒಳನುಗ್ಗಿದ ಉದ್ದನೆಯ ಕೊಲ್ಲಿಗಳು ಎಲ್ಲವೂ ಆ ಉಜ್ಜುವಿಕೆಯ ಫಲ. ಲಾಕ್ ನೆಸ್ ಸರೋವರವನ್ನು ಸುಮಾರು 230 ಮೀಟರ್ ಆಳಕ್ಕೆ ಕೊರೆದದ್ದೂ ಹಿಮವೇ.

ಗ್ಲೆನ್ ರಾಯ್ ಕಣಿವೆಯ ಇಕ್ಕೆಲಗಳಲ್ಲಿ 260, 325 ಮತ್ತು 350 ಮೀಟರ್ ಎತ್ತರದಲ್ಲಿ ಅಳತೆಗೋಲಿಟ್ಟು ಎಳೆದಷ್ಟು ಸಮವಾದ ಮೂರು ಗೆರೆಗಳು ಕಾಣುತ್ತವೆ. 1839ರಲ್ಲಿ ಚಾರ್ಲ್ಸ್ ಡಾರ್ವಿನ್ ಇವು ಹಿಂದಿನ ಕಡಲ ದಡಗಳೆಂದು ವಾದಿಸಿದರು. ಮರುವರ್ಷ ಅಲ್ಲಿಗೆ ಬಂದ ಸ್ವಿಸ್ ವಿಜ್ಞಾನಿ ಲೂಯಿ ಅಗಾಸೀ, ಹಿಮನದಿಯೊಂದು ಕಣಿವೆಯ ಬಾಯಿಗೆ ಅಣೆಕಟ್ಟಿನಂತೆ ಅಡ್ಡ ನಿಂತು ಸರೋವರವುಂಟಾಗಿತ್ತು, ಈ ಗೆರೆಗಳು ಅದರ ದಡಗಳು ಎಂದು ಗುರುತಿಸಿದರು. ಮುಂದೆ ಡಾರ್ವಿನ್ ತಮ್ಮ ವಾದವನ್ನು ಕೈಬಿಟ್ಟರು. ಹಿಮದ ಭಾರ ಇಳಿದ ಮೇಲೆ ನೆಲವೂ ಮೇಲೆದ್ದಿತು. ಜುರಾ ದ್ವೀಪದ ಪಶ್ಚಿಮ ತೀರದಲ್ಲಿ ಇಂದಿನ ಅಲೆಗಳಿಗೆ ನಿಲುಕದ ಎತ್ತರದಲ್ಲಿ ಹಾಸಿಕೊಂಡಿರುವ ನುಣುಪು ಉರುಟುಗಲ್ಲುಗಳೇ ಅದಕ್ಕೆ ಸಾಕ್ಷಿ.

ಲಾಕ್ ನೆಸ್‌ನಲ್ಲಿ ದೈತ್ಯ ಪ್ರಾಣಿ ಇದೆಯೇ?

ಇಲ್ಲ. 2018ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀಲ್ ಗೆಮೆಲ್ ನೇತೃತ್ವದ ತಂಡ ಸರೋವರದ ನೀರಿನ ಮಾದರಿಗಳಿಂದ ಅಲ್ಲಿನ ಜೀವಿಗಳ ಡಿಎನ್‌ಎ ಪರಿಶೀಲಿಸಿತು. ಸರೀಸೃಪದ ಸುಳಿವು ಸಿಗಲಿಲ್ಲ, ಈಲ್ ಮೀನಿನ ಡಿಎನ್‌ಎ ಹೇರಳವಾಗಿ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಸರೋವರಗಳ ಸಿಹಿನೀರು ಒಟ್ಟುಗೂಡಿದರೂ ಈ ಒಂದು ಸರೋವರದಷ್ಟಾಗದು ಎಂಬ ಸಂಗತಿಯೇ ಸಾಕಷ್ಟು ಬೆರಗಿನದು.

ಇಷ್ಟು ಉತ್ತರದಲ್ಲಿದ್ದೂ ಕರಾವಳಿ ಹೆಪ್ಪುಗಟ್ಟುವುದಿಲ್ಲ, ಏಕೆ?

ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಮತ್ತು ಅದರ ಮೇಲಿಂದ ಬೀಸುವ ನೈಋತ್ಯ ಗಾಳಿ ಪಶ್ಚಿಮ ತೀರವನ್ನು ಕಾಯುತ್ತವೆ. 1862ರಲ್ಲಿ ಆಸ್ಗುಡ್ ಮೆಕೆಂಜಿ ಆರಂಭಿಸಿದ ಇನ್ವರ್ಯೂ ತೋಟದಲ್ಲಿ ದಕ್ಷಿಣ ಗೋಳಾರ್ಧದ ಗಿಡಗಳೂ ಬದುಕಿವೆ. ಅದೇ ಗಾಳಿ ಬೆಟ್ಟಕ್ಕೆ ತಾಗಿ ಮಳೆ ಸುರಿಸುತ್ತದೆ. ಪಶ್ಚಿಮದ ಕೆಲವು ಬೆಟ್ಟಗಳಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಆಗುಂಬೆಗೆ ಹೋಲಿಸಿದರೆ ಇದು ಕಡಿಮೆಯೇ, ಆದರೆ ಆಗುಂಬೆಯ ಮಳೆ ನಾಲ್ಕು ತಿಂಗಳಲ್ಲಿ ಮುಗಿದು ಬಿಸಿಲು ಬರುತ್ತದೆ. ಹೈಲ್ಯಾಂಡ್ಸ್‌ನಲ್ಲಿ ವರ್ಷವಿಡೀ ಜಿನುಗುತ್ತದೆ, ಬಿಸಿಲಿಗೆ ನೆಲವನ್ನು ಒಣಗಿಸುವ ಶಕ್ತಿಯಿಲ್ಲ. ಸತ್ತ ಗಿಡ ಕೊಳೆಯದೆ ಉಳಿದು ಪೀಟ್ ಆಗುವುದು ಇದರಿಂದಲೇ.

ಬೆಟ್ಟಗಳು ಏಕೆ ಬೋಳಾಗಿವೆ? ಮೊದಲಿನಿಂದಲೂ ಹೀಗೆಯೇ ಇದ್ದವೇ?

ಇರಲಿಲ್ಲ, ಮತ್ತು ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವವರು ಇದನ್ನು ಓದಬೇಕು. ಹಿಮ ಕರಗಿದ ಮೇಲೆ ಬರ್ಚ್, ಹೇಜಲ್, ಓಕ್ ಮತ್ತು ಸ್ಕಾಟ್ಸ್ ಪೈನ್ ಮರಗಳು ಕಣಿವೆಗಳನ್ನು ತುಂಬಿದವು. ಪೀಟ್ ಕಡಿಯುವ ಜಾಗಗಳಲ್ಲಿ ಸಾವಿರಾರು ವರ್ಷಗಳಷ್ಟು ಹಳೆಯ ಪೈನ್ ಬೊಡ್ಡೆಗಳು, ಈಗ ಒಂದು ಮರವೂ ಇಲ್ಲದ ಬಯಲಿನಲ್ಲಿ, ಬೇರುಸಮೇತ ಹೊರಬರುತ್ತವೆ. ಹವೆ ತಂಪೂ ತೇವವೂ ಆದಾಗ ಪೀಟ್ ಹರಡಿ ಕಾಡು ಒಂದಷ್ಟು ಹಿಂದೆ ಸರಿಯಿತು, ಅದು ನಿಸರ್ಗದ ಪಾಲು. ಉಳಿದದ್ದು ಮನುಷ್ಯರ ಪಾಲು: ಬೇಸಾಯಕ್ಕೆ ಮತ್ತು ಸೌದೆಗೆ ಕಡಿದದ್ದು, ದನಕುರಿಗಳನ್ನು ಮೇಯಿಸಿದ್ದು, ಮುಂದೆ ನಾಟಾ ವ್ಯಾಪಾರಕ್ಕೆ ಬೋಳಿಸಿದ್ದು.

18ನೇ ಶತಮಾನದ ಉತ್ತರಾರ್ಧದಿಂದ 19ನೇ ಶತಮಾನದ ಮಧ್ಯಭಾಗದವರೆಗೆ ಭೂಮಾಲೀಕರು ಗೇಣಿದಾರ ಕುಟುಂಬಗಳನ್ನು ಕಣಿವೆಗಳಿಂದ ಎಬ್ಬಿಸಿ, ಆ ನೆಲವನ್ನು ಕುರಿ ಸಾಕಣೆಗೆ ಕೊಟ್ಟರು. ಜನ ಕಡಲಂಚಿಗೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋದರು. ಇಂದು ನಿರ್ಜನವೆಂದು ನಾವು ಮೆಚ್ಚುವ ಎಷ್ಟೋ ಕಣಿವೆಗಳಲ್ಲಿ ಹುಲ್ಲಿನ ನಡುವೆ ಮನೆಗಳ ಅಡಿಪಾಯದ ಕಲ್ಲುಸಾಲುಗಳಿವೆ. ಕುರಿಯ ಲಾಭ ಕುಸಿದಾಗ ಅದೇ ನೆಲ ಶ್ರೀಮಂತರ ಜಿಂಕೆ ಬೇಟೆಯ ಎಸ್ಟೇಟುಗಳಾಯಿತು. ತೋಳವಿಲ್ಲದ ನಾಡಿನಲ್ಲಿ ಬೇಟೆಗಾಗಿ ಕಾಪಾಡಿದ ಕೆಂಜಿಂಕೆಗಳು ಮಿತಿಮೀರಿ ಬೆಳೆದು, ಮೊಳೆತ ಪ್ರತಿ ಸಸಿಯನ್ನೂ ತಿಂದವು. ಕ್ಯಾಲೆಡೋನಿಯನ್ ಕಾಡು ಎಂದು ಕರೆಯುವ ಈ ಮೂಲ ಪೈನ್ ಕಾಡು ಇಂದು ಅಬರ್ನೆಥಿ, ರೋಥಿಮರ್ಕಸ್, ಗ್ಲೆನ್ ಅಫ್ರಿಕ್ ಮೊದಲಾದ ಕಡೆ ತುಣುಕುಗಳಾಗಿ ಉಳಿದಿದೆ. ಅಂಥ ಒಂದು ತುಣುಕನ್ನು ಉಳಿಸಲೆಂದೇ 1951ರಲ್ಲಿ ಬೆನ್ ಎ ಬೆಟ್ಟವನ್ನು ಬ್ರಿಟನ್ನಿನ ಮೊದಲ ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿಸಲಾಯಿತು.

ಕಾಡು ಮತ್ತೆ ಬರಲು ಸಾಧ್ಯವೇ?

ಖಂಡಿತ ಸಾಧ್ಯ, ಬರುತ್ತಲೂ ಇದೆ. ಕ್ರೆಗ್ ಮೆಗಿ ನಿಸರ್ಗಧಾಮದಲ್ಲಿ 1980ರ ದಶಕದ ನಡುವಿನಿಂದ ಬೇಲಿ ಹಾಕದೆ, ಹೆಚ್ಚಾಗಿ ಸಸಿ ನೆಡದೆ, ಜಿಂಕೆಗಳ ಸಂಖ್ಯೆಯನ್ನು ಇಳಿಸುವುದಕ್ಕೆ ಒತ್ತು ಕೊಟ್ಟರು. ಮಣ್ಣಿನಲ್ಲಿ ಕಾದಿದ್ದ ಬರ್ಚ್ ಮತ್ತು ರೋವನ್ ತಾವಾಗಿಯೇ ಎದ್ದವು. 1995ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂರಕ್ಷಣಾ ಸಂಸ್ಥೆ ಕೊಂಡ ಮಾರ್ ಲಾಡ್ಜ್ ಎಸ್ಟೇಟಿನಲ್ಲಿಯೂ ಜಿಂಕೆಯ ಒತ್ತಡ ತಗ್ಗಿದ ಮೇಲೆ ಎಳೆಯ ಪೈನ್ ಮರಗಳು ಹೆದರ್ ಪೊದೆಗಳನ್ನು ಮೀರಿ ತಲೆಯೆತ್ತಿವೆ. ಜಿಂಕೆಯನ್ನು ಕೊಲ್ಲುವುದು ಅನೇಕರಿಗೆ ನೋವಿನ ವಿಷಯ. ನಮ್ಮ ಓದುಗರಲ್ಲಿಯೂ ಹಲವರು ಇದನ್ನು ಆಕ್ಷೇಪಿಸುತ್ತಾರೆ. ಆದರೆ ಬೇಟೆಮೃಗಗಳನ್ನು ಮನುಷ್ಯ ಅಳಿಸಿಹಾಕಿದ ನೆಲದಲ್ಲಿ ಜಿಂಕೆಯ ಸಂಖ್ಯೆಯ ಹೊಣೆಯೂ ಮನುಷ್ಯನದೇ ಆಗುತ್ತದೆ. ಹಿಮ ಬಿದ್ದಾಗ ಮೇವೂ ನೆರಳೂ ಇಲ್ಲದೆ ಬೋಳುಬೆಟ್ಟದಲ್ಲಿ ಜಿಂಕೆಗಳು ಹಸಿದು ಸಾಯುವುದು ದಯೆಯ ಹಾದಿಯಲ್ಲ ಎಂಬುದು ಈ ಲೇಖಕರ ಖಚಿತ ಅಭಿಪ್ರಾಯ.

ಫ್ಲೋ ಕಂಟ್ರಿ ಎಂದರೇನು? ಜೌಗುನೆಲಕ್ಕೆ ವಿಶ್ವ ಪರಂಪರೆಯ ಪಟ್ಟ ಏಕೆ?

ಕೇತ್‌ನೆಸ್ ಮತ್ತು ಸದರ್ಲೆಂಡ್ ಸೀಮೆಗಳಲ್ಲಿ ಸುಮಾರು 4000 ಚದರ ಕಿಲೋಮೀಟರ್ ಹರಡಿರುವ ಪೀಟ್ ಜೌಗು ಇದು. 2024ರ ಜುಲೈನಲ್ಲಿ ಇದರ ಒಂದು ಭಾಗವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೂರದಿಂದ ಕಂದು ಬಣ್ಣದ ನೀರಸ ಬಯಲಿನಂತೆ ಕಾಣುವ ಇದನ್ನು ಮಂಡಿಯೂರಿ ನೋಡಬೇಕು. ಕೆಂಪು, ಹಸಿರು, ಹಳದಿ ಛಾಯೆಗಳ ಸ್ಫ್ಯಾಗ್ನಮ್ ಪಾಚಿ ಮೆತ್ತಗೆ ಹಾಸಿಕೊಂಡಿರುತ್ತದೆ. ತನ್ನ ಒಣತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯಬಲ್ಲ ಈ ಪಾಚಿಯನ್ನು ಒಂದನೇ ಮಹಾಯುದ್ಧದಲ್ಲಿ ಸೈನಿಕರ ಗಾಯಕ್ಕೆ ಪಟ್ಟಿಯಾಗಿ ಬಳಸಿದ್ದರು. ಪಾಚಿಯ ನಡುವೆ ಬೆರಳಿನ ಉಗುರಿನಷ್ಟು ಅಗಲದ ಸನ್‌ಡ್ಯೂ ಎಲೆಗಳು. ಅವುಗಳ ಕೆಂಪು ರೋಮದ ತುದಿಯಲ್ಲಿ ಅಂಟಿನ ಹನಿ, ಹನಿಗೆ ಸಿಕ್ಕ ನೊಣದ ಮೇಲೆ ರೋಮಗಳು ನಿಧಾನವಾಗಿ ಬಾಗಿ ಮುಚ್ಚಿಕೊಳ್ಳುತ್ತವೆ. ಸಾರವಿಲ್ಲದ ಆಮ್ಲೀಯ ನೀರಿನಲ್ಲಿ ಸಾರಜನಕ ಗಳಿಸಲು ಆ ಗಿಡ ಕಂಡುಕೊಂಡ ದಾರಿ ಅದು.

ಪಾಚಿ ಸತ್ತರೂ ನೀರಿನಡಿ ಆಮ್ಲಜನಕವಿಲ್ಲದೆ ಕೊಳೆಯುವುದಿಲ್ಲ. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಪೀಟ್ ಕೂಡಿ, ಕೆಲವೆಡೆ 10 ಮೀಟರ್ ಆಳವಾಗಿದೆ. ಇದರೊಳಗೆ ಸುಮಾರು 40 ಕೋಟಿ ಟನ್ ಇಂಗಾಲ ಅಡಗಿದೆಯೆಂದು ಅಂದಾಜು. ಇಂಥ ನೆಲವನ್ನು 1980ರ ದಶಕದಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಉತ್ತು, ಕಾಲುವೆ ತೋಡಿ ನೀರು ಬಸಿದು, ಸೂಜಿಯೆಲೆಯ ವಿದೇಶೀ ಕೋನಿಫರ್ ಮರಗಳನ್ನು ನೆಟ್ಟರು. 1988ರ ಬಜೆಟ್ ಆ ರಿಯಾಯಿತಿಯನ್ನು ರದ್ದುಪಡಿಸಿತು. ಈಗ ಫಾರ್ಸಿನಾರ್ಡ್‌ನಲ್ಲಿ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಅಂಥ ಮರಗಳನ್ನು ಕಡಿದು, ಕಾಲುವೆಗಳಿಗೆ ಒಡ್ಡು ಹಾಕಿ ಜೌಗನ್ನು ಮರಳಿಸುತ್ತಿದೆ. ಮರ ನೆಡುವುದು ಎಲ್ಲೆಡೆಯೂ ಪುಣ್ಯದ ಕೆಲಸವೆಂದು ನಂಬಿದವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಈ ನೆಲದ ಸಂಪತ್ತು ಪಾಚಿ, ಮರವಲ್ಲ.

ಯಾವ ಪ್ರಾಣಿಗಳು ಅಳಿದವು, ಯಾವುವು ಮರಳಿವೆ?

ಬೆಕ್ಕಿನ ಜಾತಿಯ ಬೇಟೆಮೃಗ ಲಿಂಕ್ಸ್ ಮಧ್ಯಯುಗದಲ್ಲಿ, ಹೊಳೆಗೆ ಒಡ್ಡು ಕಟ್ಟುವ ಬೀವರ್ 16ನೇ ಶತಮಾನದ ಹೊತ್ತಿಗೆ ಕಣ್ಮರೆಯಾದವು. ಕೊನೆಯ ತೋಳವನ್ನು 1680ರಲ್ಲಿ ಕೊಂದರೆಂಬ ಪ್ರತೀತಿಯಿದೆ. ಬಿಳಿಬಾಲದ ಕಡಲ ಹದ್ದನ್ನು ಕುರಿಗಾಹಿಗಳು, ಬೇಟೆಗಾರರು ಮತ್ತು ಮೊಟ್ಟೆ ಸಂಗ್ರಹಿಸುವವರು ಸೇರಿ 20ನೇ ಶತಮಾನದ ಆರಂಭದ ವೇಳೆಗೆ ಮುಗಿಸಿದರು.

ಈ ಹದ್ದು ಮರಳಿದ ಕಥೆ ಧೈರ್ಯ ಕೊಡುವಂಥದ್ದು. 1975ರಿಂದ ಹತ್ತು ವರ್ಷ ನಾರ್ವೆಯಿಂದ ಮರಿಗಳನ್ನು ತಂದು ರಮ್ ದ್ವೀಪದಲ್ಲಿ ಬಿಟ್ಟರು. 1985ರಲ್ಲಿ ಮಲ್ ದ್ವೀಪದ ಗೂಡೊಂದರಿಂದ ಮೊದಲ ಮರಿ ಹಾರಿತು. ಇಂದು ಪಶ್ಚಿಮ ತೀರದುದ್ದಕ್ಕೂ ನೂರಕ್ಕಿಂತ ಹೆಚ್ಚು ಜೋಡಿಗಳಿವೆ. ಭಟ್ಕಳ ಸಮೀಪದ ನೇತ್ರಾಣಿ ದ್ವೀಪದಲ್ಲಿ ಗೂಡುಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು ಇದರ ಹತ್ತಿರದ ನೆಂಟ. ಕುರಿಮರಿಗಳನ್ನು ಹದ್ದು ಒಯ್ಯುತ್ತದೆಂಬ ಸಣ್ಣ ರೈತರ ದೂರು ಸುಳ್ಳಲ್ಲ. ಅದಕ್ಕೆ ಕಿವಿಗೊಟ್ಟು ನೆರವು ನೀಡುವ ಯೋಜನೆಗಳಿದ್ದರೆ ಮಾತ್ರ ಹದ್ದು ಉಳಿದೀತು.

ಮೀನು ಹಿಡಿಯುವ ಆಸ್ಪ್ರೇ ಹಕ್ಕಿ 1954ರಲ್ಲಿ ತಾನಾಗಿಯೇ ಲಾಕ್ ಗಾರ್ಟನ್ ಪ್ರದೇಶಕ್ಕೆ ಮರಳಿತು. ಮೊಟ್ಟೆಗಳ್ಳರಿಂದ ಗೂಡನ್ನು ಕಾಯಲು ಸ್ವಯಂಸೇವಕರು ಹಗಲಿರುಳು ಪಹರೆ ನಿಂತರು. ಬೀವರ್‌ಗಳನ್ನು 2009ರಲ್ಲಿ ನ್ಯಾಪ್‌ಡೇಲ್‌ನಲ್ಲಿ ಪ್ರಾಯೋಗಿಕವಾಗಿ ಬಿಡಲಾಯಿತು, 2019ರಲ್ಲಿ ಅವುಗಳಿಗೆ ಕಾನೂನಿನ ರಕ್ಷಣೆ ದೊರೆಯಿತು. ಸಾಕುಬೆಕ್ಕಿನೊಡನೆ ಬೆರೆತು ತನ್ನತನ ಕಳೆದುಕೊಳ್ಳುತ್ತಿದ್ದ ಕಾಡುಬೆಕ್ಕಿನ ಶುದ್ಧ ತಳಿಯನ್ನು ಸಾಕಿ ಬೆಳೆಸಿ, 2023ರಿಂದ ಕೇರ್ನ್‌ಗಾರ್ಮ್ಸ್ ಕಾಡಿಗೆ ಬಿಡುತ್ತಿದ್ದಾರೆ. ಪೈನ್ ಕಾಡಿನ ದೊಡ್ಡ ಕೋಳಿ ಕ್ಯಾಪರ್‌ಕೇಲಿಯ ಸ್ಥಿತಿ ಮಾತ್ರ ಆತಂಕಕಾರಿ. ಒಮ್ಮೆ ಅಳಿದು 1837ರಲ್ಲಿ ಸ್ವೀಡನ್ನಿನಿಂದ ಮರಳಿದ ಅದರ ಸಂಖ್ಯೆ ಈಗ ಸುಮಾರು 500ಕ್ಕೆ ಇಳಿದಿದೆ.

ಸೇಂಟ್ ಕಿಲ್ಡಾ ಏಕೆ ಇಷ್ಟು ಪ್ರಸಿದ್ಧ?

ಅಟ್ಲಾಂಟಿಕ್‌ನ ನಡುವೆ ಎದ್ದ ಈ ಜ್ವಾಲಾಮುಖಿ ಅವಶೇಷದಲ್ಲಿ ಸಾವಿರಾರು ವರ್ಷ ಜನ ಕಡಲಹಕ್ಕಿಗಳನ್ನೇ ನಂಬಿ ಬದುಕಿದರು. ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಲ್ಲಿ ಇಳಿದು ಗ್ಯಾನೆಟ್, ಫಲ್ಮರ್, ಪಫಿನ್ ಹಕ್ಕಿಗಳನ್ನು ಹಿಡಿದು, ಮಾಂಸ ತಿಂದು, ಎಣ್ಣೆಯಿಂದ ದೀಪ ಉರಿಸಿ, ಗರಿಯನ್ನು ಗೇಣಿಯಾಗಿ ಕೊಟ್ಟರು. 1930ರ ಆಗಸ್ಟ್ 29ರಂದು ಉಳಿದಿದ್ದ 36 ಮಂದಿ ತಮ್ಮದೇ ಕೋರಿಕೆಯಂತೆ ದ್ವೀಪ ತೊರೆದರು. ಜನರ ಮನೆಗಳನ್ನೇ ಆಶ್ರಯಿಸಿದ್ದ ಅಲ್ಲಿನ ವಿಶಿಷ್ಟ ಮನೆ ಇಲಿ ಜನ ಹೋದ ಕೆಲವೇ ವರ್ಷಗಳಲ್ಲಿ ಅಳಿಯಿತು. ಬಯಲಿನ ಇಲಿ ಮತ್ತು ಒಳನಾಡಿನದಕ್ಕಿಂತ ದೊಡ್ಡದಾದ ರೆನ್ ಹಕ್ಕಿ ಉಳಿದವು. ಸುಮಾರು 60,000 ಜೋಡಿ ಗ್ಯಾನೆಟ್‌ಗಳು ಇಲ್ಲಿ ಗೂಡುಕಟ್ಟುತ್ತವೆ. ಇಲ್ಲಿನ ಸೋಯಿ ಕುರಿಗಳನ್ನು 1985ರಿಂದ ಬಿಡದೆ ಅಧ್ಯಯನ ಮಾಡುತ್ತಿರುವ ವಿಜ್ಞಾನಿಗಳು, ಚಳಿಗಾಲ ಮೃದುವಾದಂತೆ ಅವುಗಳ ಗಾತ್ರ ಕುಗ್ಗುತ್ತಿರುವುದನ್ನು ದಾಖಲಿಸಿದ್ದಾರೆ.

2022ರ ಹಕ್ಕಿಜ್ವರ ಸ್ಕಾಟ್ಲೆಂಡಿನ ಕಡಲಹಕ್ಕಿಗಳಿಗೆ ಬಡಿದ ದೊಡ್ಡ ಪೆಟ್ಟು. ಜಗತ್ತಿನ ಗ್ರೇಟ್ ಸ್ಕುವಾ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೂಡುಕಟ್ಟುತ್ತಿದ್ದ ಈ ದ್ವೀಪಗಳಲ್ಲಿ ಅವುಗಳ ಬಹುಪಾಲು ಸತ್ತವು.

ಬೇಸಾಯ ನಿಂತರೆ ನಿಸರ್ಗಕ್ಕೆ ಒಳ್ಳೆಯದಲ್ಲವೇ?

ಎಲ್ಲ ಕಡೆಯೂ ಅಲ್ಲ. ಹೊರ ಹೆಬ್ರಿಡೀಸ್‌ನ ಪಶ್ಚಿಮ ತೀರದಲ್ಲಿ ಚಿಪ್ಪುಮರಳಿನ ಮೇಲೆ ಬೆಳೆದ ಮಾಹರ್ ಎಂಬ ಹುಲ್ಲುಗಾವಲು ಬೇಸಿಗೆಯಲ್ಲಿ ಹೂವಿನಿಂದ ತುಂಬುತ್ತದೆ. ಸಣ್ಣ ಹಿಡುವಳಿದಾರರು ಕಡಲಪಾಚಿಯ ಗೊಬ್ಬರ ಹಾಕಿ, ಓಟ್ಸ್ ಮತ್ತು ರೈ ಬೆಳೆದು, ಸರದಿಯಲ್ಲಿ ಬೀಳುಬಿಟ್ಟು ಅದನ್ನು ಕಾಯ್ದಿದ್ದಾರೆ. ಆಫ್ರಿಕಾದಿಂದ ಬರುವ ಕಾರ್ನ್‌ಕ್ರೇಕ್ ಹಕ್ಕಿ ಅಲ್ಲಿನ ಎತ್ತರದ ಹುಲ್ಲಿನಲ್ಲಿ ಮರಿ ಮಾಡುತ್ತದೆ. ತಡವಾಗಿ, ಹೊಲದ ನಡುವಿನಿಂದ ಅಂಚಿನತ್ತ ಹುಲ್ಲು ಕೊಯ್ದರೆ ಮರಿಗಳು ಓಡಿ ಪಾರಾಗುತ್ತವೆ. 1974ರಲ್ಲಿ ದಕ್ಷಿಣ ಯೂಯಿಸ್ಟ್‌ಗೆ ತಂದ ಮುಳ್ಳುಹಂದಿಯಂಥ ಹೆಜ್‌ಹಾಗ್‌ಗಳು ಇದೇ ಬಯಲಿನ ಹಕ್ಕಿಗಳ ಮೊಟ್ಟೆ ತಿಂದು ದೊಡ್ಡ ಹಾನಿ ಮಾಡಿವೆ.

ಹವಾಮಾನ ಬದಲಾವಣೆಯ ಪರಿಣಾಮ ಕಣ್ಣಿಗೆ ಕಾಣುತ್ತದೆಯೇ?

ಬ್ರೇರೀಯಾಕ್ ಬೆಟ್ಟದ ನೆರಳಿನಲ್ಲಿ ಸ್ಫಿಂಕ್ಸ್ ಎಂಬ ಹಿಮದ ತುಣುಕೊಂದಿದೆ. ಬೇಸಿಗೆಯಲ್ಲೂ ಕರಗದೆ ಉಳಿಯುವುದು ಅದರ ಹಿರಿಮೆಯಾಗಿತ್ತು. ಅದು ಪೂರ್ತಿ ಕರಗಿದ ಮೊದಲ ದಾಖಲೆ 1933ರದ್ದು, ಬಳಿಕ 1959, 1996, 2003 ಮತ್ತು 2006. ಆಮೇಲೆ 2017, 2018, 2021, 2022, 2023. ವರ್ಷಗಳ ನಡುವಿನ ಅಂತರವೇ ಉತ್ತರ ಹೇಳುತ್ತದೆ.

ನೋಡಲು ಯಾವಾಗ ಹೋಗಬೇಕು, ಏನನ್ನು ಗಮನಿಸಬೇಕು?

ಪಫಿನ್‌ಗಳನ್ನು ನೋಡುವುದಿದ್ದರೆ ಮೇ ಮತ್ತು ಜುಲೈ ನಡುವೆ ಮಲ್ ದ್ವೀಪದಿಂದ ದೋಣಿಯಲ್ಲಿ ಸ್ಟ್ಯಾಫಾ ಮತ್ತು ಲುಂಗಾಗೆ ಹೋಗಬೇಕು, ಆಗಸ್ಟ್ ಆರಂಭದ ಹೊತ್ತಿಗೆ ಅವು ಕಡಲಿಗೆ ಮರಳಿರುತ್ತವೆ. ಅದೇ ತಿಂಗಳುಗಳಲ್ಲಿ ಮಿಜ್ ಎಂಬ ಕಣ್ಣಿಗೂ ಸರಿಯಾಗಿ ಕಾಣದ ಸಣ್ಣ ನೊಣಗಳ ಕಾಟವಿದೆ. ಗಾಳಿ ಬೀಸುವ ಕಡೆ ಅವು ಹಾರಲಾರವು, ಆದ್ದರಿಂದ ಬಿಡಾರಕ್ಕೆ ತೆರೆದ ದಿಣ್ಣೆಯೇ ಮೇಲು. ಹೆದರ್ ಅರಳುವುದು ಆಗಸ್ಟ್‌ನಲ್ಲಿ, ಕೆಂಜಿಂಕೆ ಗಂಡುಗಳು ಕೂಗುವುದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನಲ್ಲಿ.

2003ರ ಭೂಸುಧಾರಣಾ ಕಾಯ್ದೆಯಂತೆ ಹೊಣೆಯರಿತು ನಡೆಯುವ ಯಾರೇ ಆಗಲಿ ಬಹುಪಾಲು ಖಾಸಗಿ ನೆಲದಲ್ಲಿಯೂ ಓಡಾಡಬಹುದು. ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳಿರುವ ಏಪ್ರಿಲ್‌ನಿಂದ ಜುಲೈವರೆಗೆ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು, ಒಣಪೀಟ್ ಮೇಲೆ ಬೆಂಕಿ ಹಚ್ಚಬಾರದು, ಏಕೆಂದರೆ ಅದು ನೆಲದೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಜಿಂಕೆ ಓಡಾಡುವ ಹುಲ್ಲಿನಲ್ಲಿ ನಡೆದವರು ಸಂಜೆ ಮೈಮೇಲೆ ರಕ್ತ ಹೀರುವ ಉಣ್ಣಿಹುಳುಗಳು ಅಂಟಿಕೊಂಡಿವೆಯೇ ಎಂದು ನೋಡಿಕೊಳ್ಳಬೇಕು. ಲೈಮ್ ಎಂಬ ಸೋಂಕುರೋಗ ಹರಡುವುದು ಅವುಗಳಿಂದ.